ಮೊಂಡು ಮಾಡಿದ ಚಾಕು

ಬೆಳಿಗ್ಗೆಯಿಂದ ವೀರೇಶನ ಬಲಗೈ ಹೆಬ್ಬೆರಳು ಸುಮ್ಮನಿರಲಿಲ್ಲ. ಗಲ್ಲಾಪೆಟ್ಟಿಗೆಯ ಅಂಚು, ತಗಡಿನ ಅಳತೆಪಟ್ಟಿ, ನಲ್ಲಿಯ ತಿರುಪು, ಕೈಗೆ ಸಿಕ್ಕಿದ್ದನ್ನೆಲ್ಲ ಅದು ಅಡ್ಡಡ್ಡ ಸವರಿ ನೋಡುತ್ತಿತ್ತು. ಚಾಕುವಿನ ಹರಿತ ನೋಡುವವರು ನೋಡುವ ಹಾಗೆ. ತನ್ನ ಬೆರಳಿನ ಮೇಲೆಯೇ ಬೇಸರ ಬಂದು ಅದನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡ. ಹೊಸಪೇಟೆಯ ಮೇನ್ ಬಜಾರಿನಲ್ಲಿ ಆಗಷ್ಟೇ ಅಂಗಡಿಗಳ ಬಾಗಿಲು ಏಳುತ್ತಿದ್ದವು. ಸಂಡೂರಿನ ಅದಿರು ಲಾರಿಗಳು ಊರ ಹೊರಗೆ ಹೋದರೂ ಅವುಗಳ ಕೆಂಪು ಧೂಳು ಹೇಗೋ ದಾರಿ ಹುಡುಕಿಕೊಂಡು ಬಂದು ಅವನ ಅಂಗಡಿಯ ಪೈಪುಗಳ ಮೇಲೆ, ಕುಡುಗೋಲುಗಳ ಮೇಲೆ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿಟ್ಟ ಮಡಚುವ ಚಾಕುಗಳ ಮೇಲೆ ಕೂರುತ್ತಿತ್ತು. ಒರೆಸಬೇಕು ಅಂದುಕೊಂಡ. ಒರೆಸಿದರೆ ನಾಳೆ ಮತ್ತೆ ಕೂರುತ್ತದಲ್ಲ ಎಂಬ ವಿಚಾರಕ್ಕೇ ಮೈಯೆಲ್ಲ ದಣಿದಂತಾಗಿ ಬಟ್ಟೆಯನ್ನು ಮತ್ತೆ ಮೊಳೆಗೆ ತಗುಲಿಹಾಕಿದ. ಒಂದು ಸಣ್ಣ ಕೆಲಸವನ್ನು ಹೀಗೆ ಮುಂದಕ್ಕೆ ತಳ್ಳಿ ತಳ್ಳಿಯೇ ತಾನು ಐವತ್ತಕ್ಕೆ ಬಂದಿದ್ದೇನೆ ಅನ್ನಿಸಿತು.

ಆದರೆ ಇವತ್ತು ಒಂದು ಕೆಲಸವನ್ನು ಅವನು ತಳ್ಳಿರಲಿಲ್ಲ. ಮುಂಜಾನೆ ಮನೆಯಲ್ಲಿ ಅಪ್ಪ ಕೊಟ್ರಬಸಪ್ಪ ಒಳಗೆ ಲಿಂಗಪೂಜೆಗೆ ಕೂತಿದ್ದ. ಅವನ ಅಂಗಿ ಪಡಸಾಲೆಯ ಗೂಟಕ್ಕೆ ಜೋತುಬಿದ್ದಿತ್ತು, ಅಂಗಿಯ ಒಳಕಿಸೆಯಲ್ಲಿ ಚಾಕು ಇತ್ತು. ಕೊಂಬಿನ ಹಿಡಿಯ, ಮಸೆದು ಮಸೆದು ಅಲಗು ಅರ್ಧಕ್ಕರ್ಧ ಸವೆದುಹೋದ ಹಳೆಯ ಚಾಕು. ವೀರೇಶ ಅದನ್ನು ತೆಗೆದುಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಬಟ್ಟೆ ಒಗೆಯುವ ಕಲ್ಲನ್ನೇ ಕೊಯ್ಯುತ್ತಿದ್ದೇನೆ ಎಂಬಂತೆ ಅಲಗನ್ನು ಕಲ್ಲಿಗೆ ಒತ್ತಿ ಎಳೆದ. ಎಳೆದಾಗ ಬಂದ ಸದ್ದು ನೀರಿನ ಸದ್ದಿನಲ್ಲಿ ಮುಚ್ಚಿಹೋಯಿತು, ಆದರೆ ಅವನ ಹಲ್ಲಿನಲ್ಲಿ ಉಳಿಯಿತು. ಒರೆಸಿ, ಮಡಚಿ, ಇದ್ದಲ್ಲೇ ಇಟ್ಟ. ಒಳಗಿಂದ ಅಪ್ಪನ ಮಂತ್ರ ಕೇಳುತ್ತಲೇ ಇತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಗಾಂಬಿಕಾ ಇವನ ಒದ್ದೆ ಕೈ ನೋಡಿದಳು, ಮುಖ ತೊಳೆದ ಕೈ ಅಂದುಕೊಂಡಳೋ ಏನೋ, ಒಳಗೆ ತಿರುಗಿದಳು. ಒಂದು ತಿಂಗಳಿಂದ ಅವಳೇ ಹೇಳುತ್ತಿದ್ದಳು. ಹೃದಯದ ಕಾಯಿಲೆಗೆಂದು ಮಾವ ನುಂಗುವ ಗುಳಿಗೆ ರಕ್ತವನ್ನು ತೆಳ್ಳಗೆ ಮಾಡುತ್ತದೆ. ಕೈ ಬೇರೆ ಆಗಾಗ ನಡುಗುತ್ತದೆ. ಹೋದ ತಿಂಗಳು ಸೌತೆಕಾಯಿ ಹೆಚ್ಚುವಾಗ ಬೆರಳಿಗೆ ತಗುಲಿದ್ದು ಒಂದು ಗೀರು, ಅಷ್ಟೆ; ಟವೆಲ್ ಎಲ್ಲ ತೊಯ್ದು ಹೋದರೂ ರಕ್ತ ನಿಲ್ಲಲಿಲ್ಲ. ‘ಗುಳಿಗಿ ನಿಲ್ಸೋಂಗಿಲ್ರಿ, ಚಾಕು ನಿಲ್ಸ್ರಿ’ ಅಂದಿದ್ದರು ಡಾಕ್ಟರು. ಗಂಗಾಂಬಿಕಾ ಅದನ್ನೇ ದಿನಾ ಹೇಳಿದಳು. ‘ನೀವಾದ್ರೂ ಕೇಳಿ ಇಸ್ಕೊಳ್ರಿ. ನಿಮ್ಮಪ್ಪ ಅಲ್ಲೇನು?’

ಅಪ್ಪನೇ. ಅದಕ್ಕೇ ಕೇಳಲಾಗಲಿಲ್ಲ. ಸಣ್ಣವನಿದ್ದಾಗ ಊಟವಾದ ಮೇಲೆ ಅಪ್ಪ ಇದೇ ಚಾಕುವಿನಿಂದ ಮಾವಿನಹಣ್ಣು ಸೀಳಿ, ಹೋಳನ್ನು ಅಲಗಿನ ಮೇಲೆಯೇ ಮಲಗಿಸಿ ಇವನ ಮುಖದ ಮುಂದೆ ಚಾಚುತ್ತಿದ್ದ. ‘ತಗೋಳೋ, ಹೆದರ್ತಿ ಯಾಕ?’ ಇವನಿಗೆ ಹೆದರಿಕೆಯಾಗುತ್ತಿತ್ತು, ಹೆದರಿಕೆ ಅಂತ ಹೇಳಲು ಅದಕ್ಕಿಂತ ದೊಡ್ಡ ಹೆದರಿಕೆ. ತುದಿಬೆರಳಿನಿಂದ ಹೋಳು ಎತ್ತಿಕೊಂಡು ನಗುತ್ತಿದ್ದ. ಆ ನಗು ಹಾಗೇ ಮುಖಕ್ಕೆ ಅಂಟಿಕೊಂಡು, ಗಿರಾಕಿಗಳ ಮುಂದೆ, ಬೀಗರ ಮುಂದೆ, ಈಗ ಹೆಂಡತಿಯ ಮುಂದೆ ಕೂಡ ಬರುತ್ತದೆ. ಅಪ್ಪನನ್ನು ಅವನು ಇದುವರೆಗೆ ಏನನ್ನೂ ಕೊಡು ಅಂತ ಕೇಳಿದವನಲ್ಲ, ಬೇಡ ಅಂದವನೂ ಅಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹುಡುಕಿ ಹುಡುಕಿ ಕೊನೆಗೆ ಬಚ್ಚಲ ಕಲ್ಲಿಗೆ ಬಂದು ಮುಟ್ಟಿದ್ದ. ಮೊಂಡಾದ ಚಾಕು ಕಿಸೆಯಲ್ಲೇ ಇರುತ್ತದೆ, ಅಪ್ಪನ ಮರ್ಯಾದೆಯೂ ಇರುತ್ತದೆ, ಬೆರಳೂ ಇರುತ್ತದೆ. ಎಷ್ಟು ಜಾಣತನದ ಕೆಲಸ ಮಾಡಿದೆ ಎಂದು ಮೊದಲು ಅನ್ನಿಸಿದ್ದು ಸುಳ್ಳಲ್ಲ. ಆ ಜಾಣತನ ತಿಂಡಿಯ ಹೊತ್ತಿಗೆ ಬಾಯಲ್ಲಿ ಕಹಿಯಾಗಿತ್ತು.

ಅಂಗಡಿಗೆ ಮೊದಲು ಬಂದವನು ಯಲ್ಲೇಶ್ ಎಂಬ ಆಟೋದವನು. ಹಂಪಿ ಬಜಾರಿನ ಹತ್ತಿರ ಗಾಡಿ ನಿಲ್ಲಿಸಿ ಪ್ರವಾಸಿಗಳನ್ನು ಸುತ್ತಾಡಿಸುವವನು. ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ದೇಶದವನು ಕರಿಬಣ್ಣದ ದೊಡ್ಡ ಚಾಕುವನ್ನು ಒಂದೇ ಕೈಯಲ್ಲಿ ಟಕ್ಕೆಂದು ಬಿಚ್ಚಿ ಟಕ್ಕೆಂದು ಮುಚ್ಚುತ್ತಿದ್ದ. ‘ಇಂಥದ್ದು ಐತೇನ್ರಿ ಅಣ್ಣ? ದಿನಾ ಕಿಸೆದಾಗ ಇಟ್ಕೊಳ್ಳಾಕ. ಮಸ್ತ್ ಇರ್ಬೇಕು.’

‘ನಿನಗ ಯಾದಕ್ಕ ಬೇಕು?’

‘ಗಾಡ್ಯಾಗ ಹಗ್ಗ ಗಿಗ್ಗ ಕೊಯ್ಯಾಕ ಬೇಕಾಗ್ತದರಿ. ಫಾರಿನ್ನಿನವರಿಗೆ ಹಣ್ಣು ಹೆಚ್ಚಿ ಕೊಟ್ರ ಖುಷಿ ಆಗ್ತಾರ.’

‘ಹಂಗಾದ್ರ ಇದು ಬ್ಯಾಡ. ಬೆರಳುದ್ದದ್ದು ಸಾಕು. ಕಿಸೆದಾಗಿನ ಚಾಕು ಜಗಳಕ್ಕಲ್ಲಪ, ಉಳ್ಳಾಗಡ್ಡಿಗೆ.’ ಗಾಜಿನ ಪೆಟ್ಟಿಗೆಯಿಂದ ಒಂದನ್ನು ತೆಗೆದು ಬಿಚ್ಚಿ ತೋರಿಸಿದ. ಬಿಚ್ಚಿದ ಮೇಲೆ ಅಲಗು ಆಚೀಚೆ ಅಲುಗಬಾರದು, ಮುಚ್ಚುವಾಗ ಸ್ಪ್ರಿಂಗು ಸ್ವಲ್ಪ ಸೆಣಸಾಡಬೇಕು, ಸುಮ್ಮನೆ ಬಿದ್ದುಬಿಡಬಾರದು, ಮುಷ್ಟಿ ಹಿಡಿದರೆ ಕಿರುಬೆರಳೂ ಹಿಡಿಯ ಮೇಲೆ ಕೂರಬೇಕು. ಇದನ್ನೆಲ್ಲ ಅವನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಹೇಳುತ್ತ ಹೋದ ಹಾಗೆ ಆ ಮಾತೂ ತಾನಾಗಿ ಬಾಯಿಂದ ಬಂತು: ‘ಹರಿತ ಐತಿ ಅಂತ ಹೆದರಬ್ಯಾಡ. ಹರಿತ ಚಾಕು ಹೇಳಿದ ಮಾತು ಕೇಳ್ತದ. ಮೊಂಡ ಚಾಕೂಗೆ ಜೋರು ಹಾಕ್ತೀವಿ, ಅದು ಜಾರ್ತದ, ಕೈ ಕೊಯ್ಯಾದು ಅದೇ.’

ವೀರೇಶನ ಕೈ ಚಾಕುವಿನ ಮೇಲೆ ಹಾಗೇ ನಿಂತುಬಿಟ್ಟಿತು. ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಹೇಳಿದ ಮಾತು! ಅಪ್ಪನಿಂದ ಕಲಿತದ್ದು. ಬಚ್ಚಲಲ್ಲಿ ಕಲ್ಲಿಗೆ ಉಜ್ಜುವಾಗ ಇದೊಂದು ಮಾತು ಎಲ್ಲಿ ಹೋಗಿತ್ತು? ಗಿಣಿಯ ಹಾಗೆ ಒಪ್ಪಿಸಿದ್ದಷ್ಟೇ ಹೊರತು ಅದು ಅವನದಾಗಿರಲೇ ಇಲ್ಲ. ಅಪ್ಪ ಈಗ ಮನೆಯಲ್ಲಿ ಒಂದು ಹಣ್ಣಿಗೆ ಆ ಚಾಕು ಹಚ್ಚಿ, ಕೊಯ್ಯಲಿಲ್ಲವೆಂದು ಇನ್ನೊಂದಿಷ್ಟು ಒತ್ತಿ, ಕೈ ನಡುಗಿ... ಫೋನು ಎತ್ತಿಕೊಂಡ. ಮಾಡಿ ಏನು ಹೇಳುವುದು? ಅಷ್ಟರಲ್ಲಿ ಕೊಟ್ರಬಸಪ್ಪನೇ ಮೆಟ್ಟಿಲು ಹತ್ತಿ ಬಂದ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ನೀರಿನ ಬಾಟಲಿ, ಹತ್ತೂ ಬೆರಳು ನೆಟ್ಟಗೆ. ವೀರೇಶನಿಗೆ ಒಂದು ಗಳಿಗೆ ಬರೀ ಸಂತೋಷವಾಯಿತು.

ಈ ಅಂಗಡಿಯಲ್ಲಿ ಚಾಕು ಕೊಂಡವರಿಗೆ ಅದನ್ನು ಹಾಗೇ ಕೊಟ್ಟು ಕಳಿಸುವ ಪದ್ಧತಿಯಿಲ್ಲ. ಕಾರ್ಖಾನೆಯಿಂದ ಬಂದದ್ದು ನೋಡಲು ಚೆಂದ, ಕೊಯ್ಯುವುದಿಲ್ಲ. ಕೊಟ್ರಬಸಪ್ಪ ಬಾಗಿಲ ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡು, ಕಲ್ಲಿಗೆ ನೀರು ಹನಿಸಿ, ಮೊದಲು ಕಲ್ಲಿನ ಒರಟು ಮೈಗೆ, ಆಮೇಲೆ ನುಣುಪು ಮೈಗೆ ಅಲಗನ್ನು ಓರೆಯಾಗಿಟ್ಟು ಮಸೆಯುತ್ತಾನೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿಗೆ ಎರಡೂ ಕಡೆ ಸವರುತ್ತಾನೆ. ಅದಕ್ಕೆ ಕಾಸು ಮುಟ್ಟುವುದಿಲ್ಲ. ಕಂಪ್ಲಿಯಿಂದ, ಸಂಡೂರಿನಿಂದ ಜನ ಇಲ್ಲಿಗೇ ಬರುವುದು ಅದಕ್ಕೆ. ಬೇರೆ ಹೊತ್ತಿನಲ್ಲಿ ನಡುಗುವ ಕೈ ಕಲ್ಲಿನ ಮೇಲೆ ಮಾತ್ರ ನಡುಗುವುದಿಲ್ಲ. ಅದೊಂದು ವಿಚಿತ್ರ. ಗಂಗಾಂಬಿಕಾಳಿಗೆ ಇದನ್ನು ಹೇಳಿದರೆ ‘ಅಂಗಡ್ಯಾಗ ನಡಗಂಗಿಲ್ಲ, ಮನ್ಯಾಗ ನಡಗ್ತದ, ನಾಟಕೇನ್ರಿ ಅದು?’ ಅಂದಿದ್ದಳು.

ಯಲ್ಲೇಶನ ಚಾಕು ಕಲ್ಲಿಗೆ ಹತ್ತಿತು. ಕೂತು ನೋಡುತ್ತಿದ್ದ ಯಲ್ಲೇಶ್ ಕೇಳಿದ: ‘ಅಜ್ಜಾ, ಹರಿತ ಆತು ಅಂತ ನಮಗ ಹೆಂಗ ಗೊತ್ತಾಗಬೇಕು?’

‘ಹೆಂಗಂದ್ರ? ಹಿಂಗ.’ ಕೊಟ್ರಬಸಪ್ಪ ಕೈ ಒರೆಸಿಕೊಂಡು ಒಳಕಿಸೆಯಿಂದ ತನ್ನ ಚಾಕು ತೆಗೆದ. ಇಂಥ ಪ್ರಶ್ನೆಗೆ ಅವನು ಕಾದಿರುತ್ತಾನೆ. ಹಳೆಯ ಪೇಪರಿನ ಒಂದು ಹಾಳೆ ಎತ್ತಿ ಗಾಳಿಯಲ್ಲಿ ಹಿಡಿದ. ವೀರೇಶ ಏನೋ ಹುಡುಕುವವನಂತೆ ಮೇಜಿನ ಕೆಳಗೆ ತಲೆ ಹಾಕಿದ. ಕಾಗದ ಕೊಯ್ದ ಸದ್ದು ಬರಲಿಲ್ಲ; ಪರ್ರೆಂದು ಹರಿದ ಸದ್ದು ಬಂತು. ಮತ್ತೊಮ್ಮೆ ಹರಿಯಿತು. ಯಲ್ಲೇಶ್ ಗೊಳ್ಳೆಂದು ನಕ್ಕ. ‘ಅಜ್ಜಾ, ಇದಕ್ಕಿಂತ ನಮ್ಮನಿ ಚಮಚಾನ ಹರಿತ ಐತಲ್ಲ!’ ಅವನದು ಕೆಟ್ಟ ನಗುವಲ್ಲ, ಹುಡುಗರ ನಗು. ಕೊಟ್ರಬಸಪ್ಪ ನಗಲಿಲ್ಲ. ಅಲಗಿನ ಮೇಲೆ ಹೆಬ್ಬೆರಳು ಸವರಿದ. ಇನ್ನೊಂದು ಹೆಬ್ಬೆರಳಿನಿಂದ ಸವರಿದ.

‘ನಿನ್ನೆ ಸಂಜಿ ಮಸೆದೀನಿ ಇದನ್ನ’ ಅಂದ, ಯಾರಿಗೂ ಅಲ್ಲ, ಚಾಕುವಿಗೆ. ‘ಬೆಲ್ಟಿಗೆ ಸವರಿದಾಗ ಭಾಳ ಚಲೋ ಇತ್ತು. ಚಲೋ ಐತಿ ಅಂತ ಅನ್ನಿಸಿತ್ತು.’ ಅಲಗನ್ನು ಮಡಚಿ, ‘ಹಂಗಾದ್ರ ನನಗ ತಿಳಿಯವಲ್ದು. ಕೈ ಹೋತು’ ಅಂದ.

ಈಗ ಹೇಳಬೇಕು. ಒಂದೇ ಒಂದು ಮಾತು. ನಿನ್ನ ಕೈ ಹೋಗಿಲ್ಲ, ನಾನು ಕಲ್ಲಿಗೆ ಉಜ್ಜಿದೆ. ವೀರೇಶನ ಗಂಟಲಿಗೆ ಬಂದ ಮಾತು ಬಿಸಿತುಪ್ಪವಾಯಿತು. ಈ ಹುಡುಗ ಇದ್ದಾನೆ, ಅವನು ಹೋಗಲಿ ಅಂದುಕೊಂಡ. ಆದರೆ ಅಷ್ಟರಲ್ಲಿ ಅಪ್ಪ ಯಲ್ಲೇಶನ ಚಾಕುವನ್ನು ಒರೆಸಿ ಮುಚ್ಚಿಟ್ಟು, ‘ಬ್ಯಾರೆ ಯಾರ ಕಡಿಯಾರ ಮಸೆಸ್ಕೋ ತಮ್ಮಾ, ನಾ ಮಸೆದಿದ್ದು ನಂಬಬ್ಯಾಡ’ ಅಂದಾಗ, ಆ ಮುಖ ನೋಡಿದ ವೀರೇಶನಿಗೆ ಇನ್ನೂ ಭಯಂಕರವಾದದ್ದೊಂದು ಹೊಳೆಯಿತು. ತಾನು ಬಯಸಿದ್ದು ಇದೇ ಅಲ್ಲವೇ? ಅಪ್ಪ ಚಾಕು ಬಿಡಬೇಕು ಅಂತಲೇ ಅಲ್ಲವೇ ಇಷ್ಟೆಲ್ಲ? ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಮುಗಿಯಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದು ಹೌದು, ಆದರೆ ಕೊಡಲಿ ಬಿದ್ದಾಯಿತಲ್ಲ.

ಯಲ್ಲೇಶ್ ಹೋದ ಮೇಲೂ ಅವನು ಹೇಳಲಿಲ್ಲ. ಕೊಟ್ರಬಸಪ್ಪ ಗೋಣಿತಾಟಿನ ಮೇಲೆ ಕಲ್ಲು ನೋಡುತ್ತ ಕೂತಿದ್ದವನು ಒಮ್ಮೆಲೇ ಎದ್ದ. ‘ಲೇ ವೀರೇಶ, ಹೋದ ವಾರ ಬುಕ್ಕಸಾಗರದ ಮೂಕಪ್ಪನ ಚಾಕು ಮಸೆದು ಕೊಟ್ಟೀನಿ. ಬಾಳಿ ತ್ವಾಟದಾಗ ದಿನಾ ಅದರಾಗ ಕೆಲಸ ಮಾಡ್ತಾನ. ಮೊಂಡ ಚಾಕು ಕೊಟ್ಟು ಕಳಿಸಿದ್ರ ಅವನ ಕೈ ಏನಾಗಬೇಕು? ಗಾಡಿ ತೆಗಿ.’

‘ಫೋನ್ ಮಾಡಿ ಕೇಳಿದ್ರಾತಪ್ಪ. ಬಿಸಿಲು ಐತಿ.’

‘ಅವ ಚಲೋ ಐತಿ ಅಂತಾನ. ಹಿರ್ಯಾರಿಗೆ ಕೆಟ್ಟ ಮಾಡೀರಿ ಅಂತ ಯಾರು ಅಂತಾರ? ನಾನ ಮುಟ್ಟಿ ನೋಡಬೇಕು. ತೆಗಿ ಗಾಡಿ.’

ಪಕ್ಕದ ಅಂಗಡಿಯ ರಾಯಣ್ಣನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ ವೀರೇಶ ಬೈಕು ಹೊರಡಿಸಿದ. ಕಮಲಾಪುರ ದಾಟಿದರು. ಹಿಂದೆ ಕೂತವನ ಒಂದು ಕೈ ಇವನ ಹೆಗಲ ಮೇಲಿತ್ತು, ಅದು ಬೈಕಿಗೆ ನಡುಗುತ್ತಿತ್ತೋ ತಾನೇ ನಡುಗುತ್ತಿತ್ತೋ ತಿಳಿಯಲಿಲ್ಲ. ಬಾಳೆತೋಟಗಳು ಶುರುವಾದವು, ಬಂಡೆಗುಡ್ಡಗಳು ಬಿಸಿಲಿಗೆ ಬೆಳ್ಳಗಾಗಿ ಕಣ್ಣು ಚುಚ್ಚುತ್ತಿದ್ದವು. ಮೂಕಪ್ಪನ ಚಾಕು ಹರಿತವಾಗಿದ್ದರೆ ತನ್ನ ಕಥೆ ಮುಗಿಯಿತು ಎಂದು ವೀರೇಶ ಲೆಕ್ಕ ಹಾಕಿದ. ಕೈ ಸರಿಯಿದೆ ಅಂದಮೇಲೆ ಚಾಕು ಹೇಗೆ ಹಾಳಾಯಿತು? ಆದರೆ ವಾರವಿಡೀ ಹಗ್ಗ, ಬಾಳೆದಿಂಡು, ಎಲೆ ಕೊಯ್ದು ಮಣ್ಣಲ್ಲಿ ಬಿದ್ದ ಚಾಕು, ಅದೂ ಮೊಂಡಾಗಿರಬಹುದಲ್ಲ? ಮೊಂಡಾಗಿರಲಿ ದೇವರೇ ಅಂದುಕೊಂಡ. ಅಂದುಕೊಂಡ ಮೇಲೆ, ದೇವರಲ್ಲಿ ತಾನು ಬೇಡಿದ್ದೇನು ಎಂದು ತಿಳಿದು, ಗಾಡಿ ಓಡಿಸುತ್ತಿದ್ದ ತನ್ನ ಎರಡೂ ಕೈಗಳ ಬಗ್ಗೆ ಹೇಸಿಗೆಯಾಯಿತು. ಹೆಂಡತಿಯ ಫೋನು ಬಂತು. ಗಾಡಿ ನಿಲ್ಲಿಸಿ ದೂರ ಹೋಗಿ ಮಾತಾಡಿದ. ‘ಅಪ್ಪ ಇನ್ನ ಮಸೆಯಂಗಿಲ್ಲ ಅಂದಾನ’ ಎಂದ. ಆಕೆ ದೊಡ್ಡ ಉಸಿರು ಬಿಟ್ಟು, ‘ದೇವರು ದೊಡ್ಡಾಂವ ರೀ. ಹೆಂಗ ಹೇಳಿದ್ರಿ ನೀವು? ಬಾಯಿ ಬಂತಲ್ಲ ನಿಮಗ ಕಡೀಕ’ ಅಂದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ಇವನ ಬಗ್ಗೆ ಒಂದಿಷ್ಟು ಮೆಚ್ಚಿಗೆ ಇತ್ತು. ಅದನ್ನೂ ಕದ್ದು ತೆಗೆದುಕೊಂಡಂತಾಯಿತು.

ಮೂಕಪ್ಪ ಮತ್ತು ಅವನ ಹೆಂಡತಿ ನಿಂಗಕ್ಕ ಕಾಲುವೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ‘ಯಜಮಾನ್ರು ಬಂದ್ರು, ಬರ್ರಿ ಬರ್ರಿ, ರೊಟ್ಟಿ ತಿನ್ನ ಬರ್ರಿ’ ಎಂದು ಇಬ್ಬರೂ ಎದ್ದರು. ಕೊಟ್ರಬಸಪ್ಪನಿಗೆ ರೊಟ್ಟಿ ಬೇಕಿರಲಿಲ್ಲ. ಬುತ್ತಿಯ ಪಕ್ಕ ಅರ್ಧ ಹೆಚ್ಚಿದ ಉಳ್ಳಾಗಡ್ಡಿ ಇತ್ತು, ಅದರ ಪಕ್ಕ ಚಾಕು ಇತ್ತು. ಬಗ್ಗಿ ಅದನ್ನು ಎತ್ತಿಕೊಂಡು, ಪಂಚೆಗೆ ಒರೆಸಿ, ಮೊದಲು ಹೆಬ್ಬೆರಳಿಗೆ ಮುಟ್ಟಿಸಿದ. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ ಮುಂಗೈಯ ಬಿಳಿಗೂದಲಿನ ಮೇಲೆ ಅಲಗನ್ನು ಹಗುರಾಗಿ ಎಳೆದ. ‘ಅಪ್ಪಾ!’ ಎಂದು ವೀರೇಶ ಕೂಗಿದ. ರಕ್ತ ಬರಲಿಲ್ಲ. ಅಲಗು ಹೋದ ದಾರಿಯಲ್ಲಿ ಚರ್ಮ ಬೋಳಾಗಿತ್ತು, ಕೂದಲು ಅಲಗಿನ ಮೇಲೆ ಉಳಿದಿತ್ತು.

‘ದಿನಾ ಕೆಲಸರಿ ಅದಕ್ಕ’ ಎಂದ ಮೂಕಪ್ಪ. ‘ಆದ್ರೂ ನೋಡ್ರಿ ಹೆಂಗೈತಿ. ನಿಮ್ಮ ಕೈ ಅಂದ್ರ ಕೈರಿ.’

ಕೊಟ್ರಬಸಪ್ಪನ ಮುಖ ಅರಳಿದ್ದನ್ನು ವೀರೇಶ ನೋಡಿದ. ಹುಡುಗರ ಮುಖ ಹಾಗೆ ಅರಳುತ್ತದೆ. ಅಪ್ಪ ಬೋಳಾದ ಮುಂಗೈಯನ್ನು ಮತ್ತೆ ಮತ್ತೆ ಸವರಿಕೊಂಡು ‘ಐತಲ್ಲೋ ಕೈ, ಐತಲ್ಲೋ’ ಎಂದು ನಕ್ಕ. ನಿಂಗಕ್ಕನ ಕಡೆ ತಿರುಗಿ ‘ಕೊಡವ್ವ ಒಂದು ರೊಟ್ಟಿ’ ಅಂದ. ಈ ಸಂತೋಷದಲ್ಲೇ ಮರೆತುಬಿಡಲಿ ಎಂದು ವೀರೇಶ ಉಸಿರು ಹಿಡಿದು ನಿಂತ. ಅಪ್ಪ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡ, ನಾಲ್ಕು ಸಲ ಅಗಿಯುವಷ್ಟರಲ್ಲಿ ಅಗಿಯುವುದು ನಿಧಾನವಾಯಿತು. ಒಳಕಿಸೆಯಿಂದ ತನ್ನ ಚಾಕು ತೆಗೆದು, ಬಿಚ್ಚಿ, ಅಲಗಿನ ಅಂಚನ್ನು ಮೇಲೆ ಮಾಡಿ ಬಿಸಿಲಿಗೆ ಹಿಡಿದ. ಹರಿತವಾದ ಅಂಚು ಬಿಸಿಲಿಗೆ ಹೊಳೆಯುವುದಿಲ್ಲ, ಕಾಣುವುದೇ ಇಲ್ಲ. ಇದರ ಅಂಚಿನ ಉದ್ದಕ್ಕೂ ಬೆಳ್ಳನೆಯ ಗೆರೆಯೊಂದು ಹೊಳೆಯಿತು. ಅದು ನಿಂತಲ್ಲಿಂದಲೇ ವೀರೇಶನಿಗೂ ಕಂಡಿತು.

ಮೂಕಪ್ಪ ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದ. ‘ಇದನ್ನ ಯಾರೋ ಕಲ್ಲಬಂಡಿಗೆ ತಿಕ್ಯಾರಲ್ರಿ! ಮನ್ಯಾಗ ಹುಡುಗ್ರು ಇರಬೇಕು, ಆಟ ಆಡ್ಯಾವ.’

‘ನಮ್ಮನ್ಯಾಗ ಹುಡುಗ್ರಿಲ್ಲ’ ಎಂದ ಕೊಟ್ರಬಸಪ್ಪ.

ಮಗನ ಕಡೆ ನೋಡಲಿಲ್ಲ. ನೋಡಿದ್ದರೆ ವೀರೇಶನ ಮುಖದಲ್ಲಿ ಆ ಹಳೆಯ ನಗು ಕಾಣುತ್ತಿತ್ತು; ಅದು ಬಂದು ಕೂತದ್ದು ಅವನಿಗೇ ಗೊತ್ತಾಗಿ ಬಾಯಿ ಒರೆಸಿಕೊಂಡ. ‘ನನಗ ಹೆದರಿಕಿ ಆಗಿತ್ತಪ್ಪ’ ಎಂದ. ಅಷ್ಟು ಸಣ್ಣ ದನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ‘ಅವತ್ತು ರಕ್ತ ನಿಲ್ಲಲಿಲ್ಲಲ್ಲ, ಅದಕ್ಕ.’ ಮೂಕಪ್ಪ ಒಮ್ಮೆ ಇವನನ್ನು, ಒಮ್ಮೆ ಯಜಮಾನರನ್ನು ನೋಡಿ, ಕಡಿದಿಟ್ಟ ಬಾಳೆಗೊನೆಯ ನೆಪ ತೆಗೆದು ತೋಟದೊಳಗೆ ಹೊರಟುಹೋದ.

ಕೊಟ್ರಬಸಪ್ಪ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದ. ಸಿಟ್ಟು ಬರಲಿ ಎಂದು ವೀರೇಶ ಕಾದ. ಸಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

‘ರಕ್ತ ಹರಿದದ್ದು ನನ್ನ ಬೆರಳಾಗಿಂದ’ ಎಂದ ಅಪ್ಪ. ‘ಹೆದರಿಕಿ ನನಗಿಲ್ಲೇನು? ಅವತ್ತಿಂದ ಇದನ್ನ ಕಿಸೆದಾಗಿಂದ ತೆಗೀವಾಗೊಮ್ಮೆ ಎದಿ ಅಳ್ಳಾಡ್ತದ. ನೀ ಬಾಯಿ ತೆಗದು ಕೇಳಿದ್ರ ಅವತ್ತ ಕೊಡ್ತಿದ್ದೆ. ಕೇಳ್ತಿ, ಕೇಳ್ತಿ ಅಂತ ತಿಂಗಳ ಕಾದೆ.’

ಚಾಕುವನ್ನು ಮಡಚಿದ. ಈ ಕಡೆ ಯಾರೂ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರ ನಡುವೆ ಜಗಳ ಹುಟ್ಟುತ್ತದೆ. ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೊಟ್ರಬಸಪ್ಪ ದಂಡೆಯ ಮಣ್ಣಿನ ಮೇಲೆ ಅದನ್ನು ಇಟ್ಟು, ‘ತಗೋ’ ಎಂದು ಎದ್ದು, ಪಂಚೆ ಜಾಡಿಸಿಕೊಂಡು ರಸ್ತೆಯ ಕಡೆ ನಡೆದ. ವೀರೇಶ ಅದನ್ನು ನೋಡುತ್ತ ನಿಂತ. ಇಷ್ಟು ದಿನ ಬೇಕಾಗಿದ್ದುದು ಕಾಲ ಬಳಿ ಬಿದ್ದಿತ್ತು, ಸೊಂಟ ಮಾತ್ರ ಬಗ್ಗಲಿಲ್ಲ. ಅದನ್ನು ದಾಟಿಕೊಂಡು ಅಪ್ಪನ ಹಿಂದೆ ಹೊರಟ.

‘ಅಣ್ಣಾರ!’ ಹಿಂದಿನಿಂದ ನಿಂಗಕ್ಕ ಕೂಗಿದಳು. ಬುತ್ತಿಯ ಪಾತ್ರೆ ತೊಳೆಯಲು ಕಾಲುವೆಗೆ ಇಳಿದಿದ್ದವಳು ಚಾಕು ಎತ್ತಿಕೊಂಡು, ಸೆರಗಿಗೆ ಮಣ್ಣು ಒರೆಸುತ್ತ ಓಡಿಬಂದಳು. ‘ಯಾರದ್ರಿ ಇದು? ಬಿಟ್ಟು ಹೊಂಟೀರಲ್ಲ!’

‘ನಮ್ಮಪ್ಪಂದು’ ಎಂದ ವೀರೇಶ.

ಬಾಳೆಯ ಸಾಲಿನ ಆಚೆಯಿಂದ, ತಿರುಗದೆಯೇ, ಕೊಟ್ರಬಸಪ್ಪ ಹೇಳಿದ: ‘ನಂದಲ್ಲವ್ವ. ಅವಂದು. ಅವಂಗ ಕೊಡು.’

ನಿಂಗಕ್ಕ ಅದನ್ನು ಇವನ ಕೈಗೆ ಕೊಡಲಿಲ್ಲ. ಅವಳೂ ಈ ಕಡೆಯವಳೇ. ಇವನ ಕಾಲ ಮುಂದೆ ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಎತ್ತಿಕೊಳ್ಳಲಿ ಎಂದು ಕಾಯುತ್ತ ನಿಂತಳು. ವೀರೇಶ ಬಗ್ಗಿದ.